ಗೋವೆಯ ಗೂಳಿಕಾಳಗವೂ ರಾಜಸಮ್ಮತ ಜೂಜೂ

ಪಣಜಿಯಲ್ಲಿ ಮಾಂಡವಿ ನದಿಯ ದಂಡೆಯ ಮೇಲೆ, ವಿಜಾಪುರದ ಆದಿಲಶಾಹಿ ಅರಸರು ಕಟ್ಟಿಸಿದುದೆಂದು ಪ್ರಸಿದ್ಧವಾದ ಹಳೆಯ ಅರಮನೆಯೊಂದು ಇಂದಿಗೂ ನಿಂತಿದೆ. 1759ರಲ್ಲಿ ಪೋರ್ತುಗೀಜ ವೈಸರಾಯನು ತನ್ನ ನಿವಾಸವನ್ನು ಇಲ್ಲಿಗೆ ಬದಲಿಸಿದಂದಿನಿಂದ ಇದು ಅಧಿಕಾರಪೀಠವಾಯಿತು. 1843ರಲ್ಲಿ ಪಣಜಿ ವಿಧಿವತ್ತಾಗಿ ರಾಜಧಾನಿಯೆನಿಸಿತು. 1961ರ ವಿಮೋಚನೆಯ ಬಳಿಕ ಇದೇ ಕಟ್ಟಡ ಸಚಿವಾಲಯವೂ ವಿಧಾನಸಭೆಯೂ ಆಗಿ, 2000ದಲ್ಲಿ ಸಭೆಯು ನದಿಯಾಚೆಯ ಪರ್ವರಿಗೆ ತೆರಳುವವರೆಗೆ ಗೋವೆಯ ಶಾಸನಗಳಿಗೆ ಜನ್ಮಸ್ಥಾನವಾಗಿದ್ದಿತು. ಜೂಜನ್ನು ನಿಷೇಧಿಸಿದ 1976ರ ಗೋವಾ, ದಮನ್ ಮತ್ತು ದಿಯು ಸಾರ್ವಜನಿಕ ಜೂಜು ಅಧಿನಿಯಮವು ಅಂಗೀಕೃತವಾದುದು ಇಲ್ಲಿಯೇ. ಆ ನಿಷೇಧದಿಂದ ಪಂಚತಾರಾ ಹೋಟೆಲುಗಳ ಜೂಜುಯಂತ್ರಗಳಿಗೆ ವಿನಾಯಿತಿಯಿತ್ತ 1992ರ ತಿದ್ದುಪಡಿಯೂ, ಮೇಜಿನ ಆಟಗಳಿಗೂ ತೀರದಾಚೆಯ ಹಡಗುಗಳಿಗೂ ಅದನ್ನು ವಿಸ್ತರಿಸಿದ 1996ರ ತಿದ್ದುಪಡಿಯೂ ಒಪ್ಪಿಗೆ ಪಡೆದುದು ಇಲ್ಲಿಯೇ. ಆ ವಿನಾಯಿತಿಯ ಬಲದಿಂದ ಬಂದ ಹಡಗುಗಳು ಈಗ ಅದೇ ನದಿಯಲ್ಲಿ ಲಂಗರು ಹಾಕಿ ನಿಂತಿವೆ. ಪ್ರಭುತ್ವವು ಯಾವ ಪಣವನ್ನು ಅನುಮೋದಿಸುತ್ತದೆ, ಯಾವುದನ್ನು ಅಪರಾಧವೆಂದು ಹೊರಗಿಡುತ್ತದೆ, ಅದಕ್ಕೆ ಕಾರಣವೇನು ಎಂದು ವಿಚಾರಮಾಡಬಯಸುವವನಿಗೆ ಈ ನದೀತೀರದಷ್ಟು ಯೋಗ್ಯವಾದ ಸ್ಥಳ ನಮ್ಮ ಸುತ್ತಮುತ್ತಲಲ್ಲಿ ಮತ್ತೊಂದಿಲ್ಲ.

ಈ ವಿಚಾರವು ನಮ್ಮ ದೇಶಕ್ಕೆ ಹೊಸದಲ್ಲ. ಪ್ರಾಚೀನ ಧರ್ಮಶಾಸ್ತ್ರಕಾರರು ದಾಳಗಳಿಂದ ಆಡುವ ದ್ಯೂತವನ್ನೂ, ಕೋಳಿ ಟಗರು ಕೋಣಗಳನ್ನು ಕಾದಾಡಿಸಿ ಪಣವೊಡ್ಡುವ ಸಮಾಹ್ವಯವನ್ನೂ ಪ್ರತ್ಯೇಕವಾಗಿ ಗುರುತಿಸಿದ್ದರು. ಮನುವು ಇವೆರಡನ್ನೂ ರಾಜ್ಯದಿಂದಲೇ ಹೊರಹಾಕಬೇಕೆಂದು ವಿಧಿಸಿದನು. ಕೌಟಿಲ್ಯನ ದಾರಿ ಬೇರೆ: ಜೂಜೆಲ್ಲವೂ ದ್ಯೂತಾಧ್ಯಕ್ಷನ ಕಣ್ಣೆದುರು ಒಂದೇ ಸ್ಥಳದಲ್ಲಿ ನಡೆಯತಕ್ಕದ್ದು, ಬೇರೆಡೆ ಆಡಿದವನಿಗೆ ಹನ್ನೆರಡು ಪಣಗಳ ದಂಡ, ಗೆದ್ದವನ ಗಳಿಕೆಯಲ್ಲಿ ನೂರಕ್ಕೆ ಐದು ಪಾಲು ಅಧ್ಯಕ್ಷನಿಗೆ ಎಂದು ಅವನು ವ್ಯವಸ್ಥೆಮಾಡಿದನು. ಯಾಜ್ಞವಲ್ಕ್ಯಸ್ಮೃತಿಯೂ ಇದೇ ಮಾರ್ಗವನ್ನು ಹಿಡಿದು, ಜೂಜು ಒಂದೇ ಮುಖದಲ್ಲಿ ನಡೆದರೆ ಕಳ್ಳರನ್ನು ಗುರುತಿಸುವುದು ಸುಲಭವೆಂಬ ಕಾರಣವನ್ನೂ ಕೊಟ್ಟು, ಪ್ರಾಣಿಗಳ ಕಾಳಗದ ಪಣಕ್ಕೂ ಇದೇ ನಿಯಮವೆಂದು ಮುಗಿಸುತ್ತದೆ. ಕನ್ನಡಿಗರಾದ ನಮಗೆ ಇಲ್ಲಿ ವಿಶೇಷವಾದ ಆಸಕ್ತಿಯುಂಟು. ಏಕೆಂದರೆ ಆ ಸ್ಮೃತಿಗೆ ಮಿತಾಕ್ಷರೆಯೆಂಬ ಸುಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಆ ವಿಕ್ರಮಾದಿತ್ಯನ ಮಗಳಾದ ಮೈಲಳದೇವಿಯನ್ನು ವರಿಸಿದವನು ಗೋವೆಯ ಕದಂಬ ಎರಡನೆಯ ಜಯಕೇಶಿ. ಅವಳ ಸೋದರನಾದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಕುಕ್ಕುಟ, ಲಾವಕ, ಮೇಷ, ಮಹಿಷಗಳ ಕಾಳಗಗಳು ರಾಜವಿನೋದಗಳೆಂದು ಒಂದೊಂದಾಗಿ ನಿರೂಪಿತವಾಗಿವೆ. ಪಣಜಿಗೆ ಅನತಿದೂರದಲ್ಲಿ, ಜುವಾರಿಯ ದಂಡೆಯ ಗೋಪಕಪಟ್ಟಣದಿಂದ ಆಳುತ್ತಿದ್ದ ಆ ಕದಂಬರಿಗೆ ಶಾಸ್ತ್ರವೂ ವಿನೋದವೂ ಒಂದೇ ಬೀಗರ ಮನೆಯಿಂದ ಒದಗಿದ್ದವು.

ಪೋರ್ತುಗೀಜರು ಬಂದ ಮೇಲೆ ಆಡುವ ಆಟ ಬದಲಾಯಿತು, ಆಳುವ ನೀತಿ ಬಹಳವಾಗಿ ಬದಲಾಗಲಿಲ್ಲ. 1608ರಿಂದ 1610ರವರೆಗೆ ಗೋವೆಯಲ್ಲಿದ್ದ ಫ್ರೆಂಚ್ ಪ್ರವಾಸಿ ಪಿರಾರ್ ದ ಲಾವಾಲನು, ಆ ನಗರದಲ್ಲಿ ಜೂಜಿಗೆಂದೇ ವೈಭವದಿಂದ ಸಜ್ಜುಗೊಳಿಸಿದ ಮನೆಗಳಿದ್ದುದನ್ನೂ, ಅವುಗಳ ಒಡೆಯರು ಅರಸನಿಗೆ ತೆರಿಗೆ ತೆತ್ತು ಅವನ್ನು ನಡೆಸುತ್ತಿದ್ದುದನ್ನೂ ವರ್ಣಿಸಿದ್ದಾನೆ. ಧರ್ಮಪರಿಶೋಧನೆಯ ನ್ಯಾಯಾಲಯವಾದ ಇನ್‌ಕ್ವಿಜಿಷನ್ ಜನರ ಊಟ ಉಡುಗೆ ಆಚಾರಗಳನ್ನು ಶೋಧಿಸುತ್ತಿದ್ದ ಕಾಲವೇ ಅದು ಎಂಬುದನ್ನು ನೆನೆದರೆ, ಕಂದಾಯ ಕೊಡುವ ಜೂಜಿನ ಮನೆಗೆ ದೊರೆತ ಈ ಕ್ಷಮೆ ನನ್ನಲ್ಲಿ ವಿಷಾದವನ್ನು ಹುಟ್ಟಿಸುತ್ತದೆ.

ಆದರೆ ಹಳ್ಳಿಯ ಜನರ ಪಣ ಈ ಮನೆಗಳಲ್ಲಿ ಇರಲಿಲ್ಲ. ಅದು ಬತ್ತದ ಗದ್ದೆಯಲ್ಲಿತ್ತು. ಕೊಂಕಣಿಗರು ಧಿರಿಯೊ ಎಂದು ಕರೆಯುವ ಗೂಳಿಕಾಳಗವು ಗೋವೆಯಲ್ಲಿ, ಅದರಲ್ಲಿಯೂ ಬಾಣಾವಳಿಯೇ ಮೊದಲಾದ ಸಾಷ್ಟಿಯ ಕರಾವಳಿಯ ಊರುಗಳಲ್ಲಿ, ಬಹುಕಾಲದಿಂದ ನಡೆದುಬಂದಿದೆ. ಇದನ್ನು ಸ್ಪೇನಿನ ಗೂಳಿಕಾಳಗದೊಡನೆ ಸಮೀಕರಿಸಲಾಗದು. ಇಲ್ಲಿ ಕತ್ತಿ ಹಿಡಿದ ಮನುಷ್ಯನಿಲ್ಲ, ಗೂಳಿಗೆ ಗೂಳಿಯೇ, ಕೋಣಕ್ಕೆ ಕೋಣವೇ ಎದುರಾಳಿ. ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದ ಬಯಲಿಗೆ, ಇಗರ್ಜಿಯ ಹಬ್ಬದ ದಿನವೋ ಭಾನುವಾರದ ಇಳಿಹೊತ್ತಿನಲ್ಲೋ, ತಿಂಗಳುಗಟ್ಟಲೆ ಹುರುಳಿ ಹಿಂಡಿಗಳನ್ನು ತಿನ್ನಿಸಿ ಮೈ ತಿಕ್ಕಿ ಸಾಕಿದ ಪ್ರಾಣಿಗಳನ್ನು ಹಗ್ಗ ಹಿಡಿದು ತರುತ್ತಾರೆ. ನಾಲ್ಕೂ ಕಡೆ ಜನ ತಾವೇ ಬೇಲಿಯಾಗಿ ನಿಲ್ಲುತ್ತಾರೆ. ಎರಡು ತಲೆಗಳು ತಗ್ಗುತ್ತವೆ, ಕೊಂಬಿಗೆ ಕೊಂಬು ತೊಡಕಿಕೊಳ್ಳುತ್ತದೆ. ಹಿಂಗಾಲು ಮಣ್ಣಿನಲ್ಲಿ ಹೂತುಹೋಗುವಂತೆ ಒಂದನ್ನೊಂದು ತಳ್ಳುತ್ತವೆ. ಬೆನ್ನು ತಿರುಗಿಸಿ ಓಡಿದ್ದು ಸೋತಿತು. ಕೆಲವು ಕಾಳಗ ಕ್ಷಣಗಳಲ್ಲಿ ಮುಗಿಯುತ್ತದೆ, ಕೆಲವು ದೀರ್ಘಕಾಲ ಸಾಗಿ ರಕ್ತದಲ್ಲಿ ಕೊನೆಗೊಳ್ಳುತ್ತದೆ. ಪಣವೆಲ್ಲವೂ ಬಾಯಿಮಾತಿನದು, ಚೀಟಿಯಿಲ್ಲ, ರಸೀದಿಯಿಲ್ಲ, ಇಬ್ಬರ ನಂಬಿಕೆಯೇ ಸಾಕ್ಷಿ. ಗೆದ್ದ ಗೂಳಿಯ ಒಡೆಯನಿಗೆ ಊರಿನಲ್ಲಿ ಬರುವ ಗೌರವವು ಹಣಕ್ಕಿಂತ ದೊಡ್ಡದು. ಹೊಟ್ಟೆಪಾಡಿಗಾಗಿ ಕಡಲಾಚೆ ಹೋದ ಗೋವೆಯ ಮಕ್ಕಳು ಅಲ್ಲಿಂದಲೂ ತಮ್ಮೂರ ಗೂಳಿಯ ಸೋಲುಗೆಲುವನ್ನು ವಿಚಾರಿಸುವುದುಂಟು. ಈ ಮಮತೆಯನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ.

ಈ ಕಥೆಯಲ್ಲಿ 1996 ಒಂದು ವಿಚಿತ್ರವಾದ ವರ್ಷ. ಅದರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಮದರಾಸಿನ ಕುದುರೆಪಂದ್ಯದ ಪ್ರಕರಣದಲ್ಲಿ, ಓಟದ ಕುದುರೆಯ ಮೇಲಿನ ಪಣವು ಕೇವಲ ಅದೃಷ್ಟದ ಆಟವಲ್ಲ, ಕೌಶಲಕ್ಕೆ ಸಂಬಂಧಿಸಿದುದು ಎಂದು ತೀರ್ಪಿತ್ತಿತು. ಬೆಂಗಳೂರು ಮೈಸೂರುಗಳ ರೇಸ್‌ಕೋರ್ಸುಗಳಲ್ಲಿ ಟಿಕೆಟು ಕೊಂಡು ಪಣವೊಡ್ಡುವವನು ಇಂದು ನಿರ್ಭಯನಾಗಿರುವುದಕ್ಕೆ ಆ ತೀರ್ಪೂ ಒಂದು ಆಧಾರ. ಅದೇ ವರ್ಷ ಗೋವೆಯ ವಿಧಾನಸಭೆಯು ಹಡಗಿನ ಮೇಲಿನ ಜೂಜಿಗೆ ಅವಕಾಶವಿತ್ತಿತು. ಅದೇ ವರ್ಷ, ನೋಡಲು ಬಂದವನೊಬ್ಬ ಗೂಳಿಯ ಕೊಂಬಿಗೆ ಸಿಕ್ಕಿ ಮೃತನಾದ ಬಳಿಕ, ಪ್ರಾಣಿದಯಾಪರರು ಹೂಡಿದ ಅರ್ಜಿಯನ್ನು ವಿಚಾರಿಸಿ, ಪಣಜಿಯಲ್ಲಿದ್ದ ಮುಂಬಯಿ ಹೈಕೋರ್ಟಿನ ಪೀಠವು, ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದು 1960ರ ಪ್ರಾಣಿಹಿಂಸಾ ನಿವಾರಣ ಅಧಿನಿಯಮಕ್ಕೆ ವಿರುದ್ಧವೆಂದು ಡಿಸೆಂಬರಿನಲ್ಲಿ ಧಿರಿಯೊವನ್ನು ನಿಷೇಧಿಸಿತು. ಒಂದೇ ಸಂವತ್ಸರದಲ್ಲಿ ಧನಿಕರ ಕುದುರೆಗೆ ಕೌಶಲದ ಗೌರವವೂ, ಪ್ರವಾಸಿಯ ಮೇಜಿಗೆ ಶಾಸನದ ಆಶ್ರಯವೂ, ಕೃಷಿಕನ ಗೂಳಿಗೆ ನಿಷೇಧವೂ ಪ್ರಾಪ್ತವಾದವು. ಈ ಮೂರು ನಿರ್ಣಯಗಳನ್ನು ಮಾಡಿದವರು ಬೇರೆಬೇರೆ, ಅವುಗಳ ಕಾರಣಗಳೂ ಬೇರೆಬೇರೆ. ಆದರೂ ಅವನ್ನು ಒಟ್ಟಿಗೆ ಕಂಡ ಸಾಷ್ಟಿಯ ರೈತನಿಗೆ ತನ್ನೊಬ್ಬನ ಆಟವೇ ಕಣ್ಣಿಗೆ ಬಿದ್ದಿತೆಂದು ತೋರಿದ್ದರೆ ಅದು ಸಹಜವೇ ಸರಿ.

ಹಡಗುಗಳ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. ಶತಮಾನದ ತಿರುವಿನ ಹೊತ್ತಿಗೆ ಕಾರವೇಲಾ ಎಂಬ ಹಡಗು ಮೊದಲು ಬಂದಿತು. ಮುಂದಿನ ದಶಕದಲ್ಲಿ ಇತರವು ಹಿಂಬಾಲಿಸಿದವು. ಶಾಸನದ ಮಾತು ತೀರದಾಚೆಯ ಹಡಗೆಂದಿದ್ದರೂ ಅವು ನಿಂತಿರುವುದು ಸಮುದ್ರದಲ್ಲಿ ಅಲ್ಲ, ನಗರದ ಮುಖ್ಯ ಬೀದಿಯಿಂದ ಕಾಣುವ ನದಿಯಲ್ಲಿ. ಧಕ್ಕೆಯಿಂದ ಚಿಕ್ಕ ದೋಣಿಗಳು ಜನರನ್ನು ಅಲ್ಲಿಗೆ ಸಾಗಿಸುತ್ತವೆ. ಅವನ್ನು ಮಾಂಡವಿಯಿಂದ ತೆರವುಮಾಡುತ್ತೇವೆಂಬ ಆಶ್ವಾಸನೆಯನ್ನು ಪಣಜಿಯ ನಾಗರಿಕರು ಹಲವು ಚುನಾವಣೆಗಳಲ್ಲಿ ಕೇಳಿದ್ದಾರೆ. 2020ರ ಫೆಬ್ರವರಿ 1ರಿಂದ ಗೋವೆಯ ನಿವಾಸಿಗಳು ಈ ಜೂಜುಗೃಹಗಳಲ್ಲಿ ಆಡುವಂತಿಲ್ಲವೆಂಬ ನಿರ್ಬಂಧ ಜಾರಿಗೆ ಬಂದಿತು. ತನ್ನ ಪ್ರಜೆಗಳಿಗೆ ಹಾನಿಕರವೆಂದು ಒಪ್ಪಿಕೊಂಡುದನ್ನೇ ನೆರೆಯವರಿಗೆ ತೆರೆದಿಟ್ಟು ಬೊಕ್ಕಸ ತುಂಬುವ ಈ ನೀತಿಯನ್ನು ನಾನು ಎಷ್ಟು ಯೋಚಿಸಿದರೂ ಸಮರ್ಥಿಸಲಾರೆ. ಕೌಟಿಲ್ಯನೂ ಜೂಜನ್ನು ಒಂದೆಡೆ ಕೂಡಿಹಾಕಿದನು, ಆದರೆ ತನ್ನವರು ಪರರು ಎಂಬ ಭೇದದಿಂದ ಆ ಕಟ್ಟೆಯನ್ನು ಕಟ್ಟಲಿಲ್ಲ.

ಇಂಥ ನಿರ್ಣಯ ಪ್ರಾಂತಗಳ ಕೈಯಲ್ಲಿರುವುದು ಭಾರತದ ವಿಶೇಷವೇನಲ್ಲ. ನಮ್ಮ ಸಂವಿಧಾನದ ರಾಜ್ಯಪಟ್ಟಿಯ 34ನೆಯ ನಮೂದು ಪಣ ಮತ್ತು ಜೂಜುಗಳನ್ನು ರಾಜ್ಯಗಳಿಗೆ ಒಪ್ಪಿಸಿದೆ. ಕೆನಡಾ ದೇಶವೂ 1985ರಲ್ಲಿ ತನ್ನ ದಂಡಸಂಹಿತೆಯನ್ನು ತಿದ್ದಿ ಲಾಟರಿ ಜೂಜುಗಳ ಆಡಳಿತವನ್ನು ಪ್ರಾಂತಗಳಿಗೆ ಬಿಟ್ಟುಕೊಟ್ಟಿತು. ಒಂದೇ ಪಂದ್ಯದ ಮೇಲೆ ಪಣವೊಡ್ಡುವುದು ಅಲ್ಲಿ 2021ರ ಆಗಸ್ಟಿನಿಂದ ಶಾಸನಸಮ್ಮತವಾಗಿ, ಮರುವರ್ಷ ಒಂಟಾರಿಯೊ ಪ್ರಾಂತವು ಖಾಸಗಿ ಸಂಸ್ಥೆಗಳಿಗೂ ಆ ವ್ಯವಹಾರವನ್ನು ತೆರೆಯಿತು. ನಮ್ಮ ಕರ್ನಾಟಕವು ಇದೇ ಅಧಿಕಾರದ ನೆಲೆಯಲ್ಲಿ ಕುದುರೆಗೆ ಪರವಾನಗಿಯನ್ನೂ, ತುಳುನಾಡಿನ ಕೋಳಿಅಂಕದ ಜೂಜಿಗೆ ಪೊಲೀಸ್ ಮೊಕದ್ದಮೆಯನ್ನೂ ಕೊಟ್ಟಿದೆ. 2007ರಲ್ಲಿ ಅದು ಲಾಟರಿಯನ್ನೂ ನಿಲ್ಲಿಸಿತು.

ಈಗ ಗೋವೆಯ ವಿಧಾನಸಭೆಯಲ್ಲಿ ಧಿರಿಯೊವನ್ನು ಶಾಸನಸಮ್ಮತಗೊಳಿಸಬೇಕೆಂಬ ಬೇಡಿಕೆ ಪಕ್ಷಭೇದವಿಲ್ಲದೆ ಮತ್ತೆ ಮತ್ತೆ ಏಳುತ್ತಿದೆ. ನಿಷೇಧವಿದ್ದರೂ ಕಾಳಗಗಳು ಗುಟ್ಟಾಗಿ ನಡೆಯುತ್ತಲೇ ಇರುವುದನ್ನು ಎಲ್ಲರೂ ಬಲ್ಲರು. ಗುಟ್ಟಿನಲ್ಲಿ ನಡೆಯುವುದಕ್ಕಿಂತ ನಿಯಮದಡಿ ನಡೆಯುವುದು ಲೇಸೆಂಬುದು ಬೇಡಿಕೆಯವರ ವಾದ. ಇದಕ್ಕೆ ಅವರು ಕಂಬಳವನ್ನು ನಿದರ್ಶನವಾಗಿ ಹಿಡಿಯುತ್ತಾರೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟನ್ನೂ ಎತ್ತಿನಗಾಡಿಯ ಓಟವನ್ನೂ ತಡೆದ ಮೇಲೆ ನಮ್ಮ ಕರಾವಳಿಯ ಕಂಬಳಕ್ಕೂ ಕುತ್ತು ಬಂದುದು, ತಮಿಳುನಾಡು ಕರ್ನಾಟಕ ಮಹಾರಾಷ್ಟ್ರಗಳು ತಮ್ಮ ತಮ್ಮ ತಿದ್ದುಪಡಿಗಳನ್ನು ತಂದುದು, 2023ರ ಮೇ 18ರಂದು ಸಂವಿಧಾನಪೀಠವು ಅವನ್ನು ಎತ್ತಿಹಿಡಿದುದು ಓದುಗರ ನೆನಪಿನಲ್ಲಿರಬಹುದು.

ಆದರೆ ಈ ನಿದರ್ಶನ ಇಲ್ಲಿ ಸಲ್ಲದು. ಕಂಬಳದ ಕೋಣ ಓಡುತ್ತದೆ. ಕೆಸರುಗದ್ದೆಯ ಕರೆಯಲ್ಲಿ ಅದು ಮುಟ್ಟಬೇಕಾದುದು ಗುರಿಯ ತುದಿಯನ್ನು, ಇನ್ನೊಂದು ಕೋಣದ ಮೈಯನ್ನಲ್ಲ. ಗೆದ್ದ ಯಜಮಾನನಿಗೆ ಸಲ್ಲುವುದು ಪವನುಗಳ ಲೆಕ್ಕದ ಚಿನ್ನ. ಪಣವೊಡ್ಡುವವರನ್ನು ತೆಗೆದುಹಾಕಿದರೂ ಕಂಬಳ ಕಂಬಳವಾಗಿಯೇ ಉಳಿಯುತ್ತದೆ. ಧಿರಿಯೊದಲ್ಲಿ ಒಂದು ಪ್ರಾಣಿ ಇನ್ನೊಂದನ್ನು ಕೊಂಬಿನಿಂದ ಹಿಮ್ಮೆಟ್ಟಿಸದೆ ಗೆಲುವಿಲ್ಲ. ಆ ಕಾದಾಟಕ್ಕೆ ಬೆಲೆ ಕಟ್ಟುವುದೇ ಪಣ. ಇದಕ್ಕೆ ಪರವಾನಗಿಯಿತ್ತು ತೆರಿಗೆ ವಿಧಿಸಿದ ದಿನ, ಹಬ್ಬಕ್ಕೊಮ್ಮೆ ಕಾದಾಡುತ್ತಿದ್ದ ಗೂಳಿ ವಾರಕ್ಕೊಮ್ಮೆ ಕಾದಾಡಬೇಕಾಗುತ್ತದೆ, ಊರಿನ ಗೌರವಕ್ಕಾಗಿ ಸಾಕುತ್ತಿದ್ದ ರೈತನ ಸ್ಥಾನಕ್ಕೆ ಗುತ್ತಿಗೆದಾರ ಬರುತ್ತಾನೆ. ಹಡಗುಗಳ ಇತಿಹಾಸ ಇದಕ್ಕೆ ಸಾಕಷ್ಟು ಪುರಾವೆಯನ್ನು ಒದಗಿಸಿದೆ: ಒಂದಕ್ಕೆಂದು ಬಿಟ್ಟ ನೀರು ಹಲವಕ್ಕೆ ನೆಲೆಯಾಯಿತು.

ಆದುದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಧಿರಿಯೊವಿನ ಮೇಲಿನ ನಿಷೇಧ ಉಳಿಯಬೇಕು. ಅದರೊಡನೆ, ಗೋವೆಯವನು ಹತ್ತಬಾರದೆಂದು ಗೋವೆಯ ಸರ್ಕಾರವೇ ಹೇಳಿದ ಹಡಗುಗಳು ಮಾಂಡವಿಯನ್ನು ಬಿಟ್ಟು ತೆರಳಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಸಾಷ್ಟಿಯ ರೈತನ ದೂರಿಗೆ ಉತ್ತರವಿರುವುದಿಲ್ಲ. ಎರಡನೆಯ ಕಾರ್ಯದಲ್ಲಿ ನಮ್ಮವರ ಪಾತ್ರವೂ ಇದೆ: ಬೆಳಗಾವಿ, ಹುಬ್ಬಳ್ಳಿ, ಧಾರವಾಡ, ಕಾರವಾರಗಳಿಂದ ಶನಿವಾರ ಸಂಜೆ ಚೋರ್ಲಾ ಅನಮೋಡ ಘಟ್ಟಗಳನ್ನಿಳಿದು, ಇಲ್ಲವೆ ಕರಾವಳಿಯ ಹೆದ್ದಾರಿ ಹಿಡಿದು, ಪಣಜಿಯ ಧಕ್ಕೆಗೆ ಬರುವ ಕನ್ನಡಿಗರು ಆ ದೋಣಿಗಳನ್ನು ಏರದಿರಲೆಂದು, ಆ ಸಂಜೆಯನ್ನು ದಂಡೆಯ ಮೇಲಿನ ಆದಿಲಶಾಹಿ ಅರಮನೆಯನ್ನು ನೋಡುವುದರಲ್ಲಿ ಕಳೆಯಲೆಂದು ವಿನಂತಿಸುತ್ತೇನೆ.