ವಾಷಿಂಗ್ಟನ್ ಮನೆಯಿಂದ ಓಡಿಹೋದವರು

ಎಲ್ಲ ಮನುಷ್ಯರೂ ಸಮಾನರೆಂದು ಅಮೆರಿಕ ಜಗತ್ತಿಗೆ ಸಾರಿದ್ದು 1776ರಲ್ಲಿ. ಅದೇ ವರ್ಷ ಆ ಸ್ವಾತಂತ್ರ್ಯ ಸಮರದ ಸೇನಾಪತಿ ಜಾರ್ಜ್ ವಾಷಿಂಗ್ಟನ್‌ನ ಗುಲಾಮನೊಬ್ಬ ಮನೆ ಬಿಟ್ಟು ಶತ್ರುಪಾಳಯ ಸೇರಿದ. ಅವನ ಹೆಸರು ಹ್ಯಾರಿ. ಹುಟ್ಟಿದ್ದು ಆಫ್ರಿಕದ ಗಾಂಬಿಯಾ ನದಿಯ ಸೀಮೆಯಲ್ಲಿ.

ವಾಷಿಂಗ್ಟನ್‌ಗೆ ಗುಲಾಮರು ಬಂದದ್ದು ಪಿತ್ರಾರ್ಜಿತವಾಗಿ. ತಂದೆ ತೀರಿಕೊಂಡಾಗ ಹನ್ನೊಂದರ ಹುಡುಗನ ಪಾಲಿಗೆ ಹತ್ತು ಮಂದಿ ಬಂದರು. ಮುಂದೆ ವಿಧವೆ ಮಾರ್ಥಾಳನ್ನು ಮದುವೆಯಾದಾಗ ಅವಳ ಮೊದಲ ಗಂಡನ ಮನೆತನದ ಗುಲಾಮರೂ ವರ್ಜೀನಿಯಾದ ಮೌಂಟ್ ವರ್ನನ್‌ಗೆ ಬಂದರು. 1774ರ ತೆರಿಗೆ ಪಟ್ಟಿಯಲ್ಲಿ ಇಬ್ಬರು ಹೆಂಗಸರ ಹೆಸರು 'ಫಾತಿಮರ್' ಮತ್ತು 'ಚಿಕ್ಕ ಫಾತಿಮರ್'. ಆ ಹೆಸರು ಎಲ್ಲಿಂದ ಬಂದಿರಬಹುದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

1775ರ ನವೆಂಬರಿನಲ್ಲಿ ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಡನ್‌ಮೋರ್ ಒಂದು ಫರ್ಮಾನು ಹೊರಡಿಸಿದ. ದಂಗೆಕೋರರ ಗುಲಾಮರು ಬಂದು ರಾಜನ ಪರ ಆಯುಧ ಹಿಡಿದರೆ ಬಿಡುಗಡೆ. ಇದು ಕರುಣೆಯಲ್ಲ, ಯುದ್ಧತಂತ್ರ. ರಾಜನಿಷ್ಠರ ಗುಲಾಮರಿಗೆ ಈ ಮಾತು ಅನ್ವಯಿಸುತ್ತಿರಲಿಲ್ಲ. ಡನ್‌ಮೋರ್ ಸ್ವತಃ ಗುಲಾಮರ ಒಡೆಯ. ಆದರೂ ಬಾಗಿಲು ತುಸು ತೆರೆದಿತ್ತು. ಜಮೀನು ನೋಡಿಕೊಳ್ಳುತ್ತಿದ್ದ ಬಂಧು ಲುಂಡ್ ವಾಷಿಂಗ್ಟನ್ ಆ ಡಿಸೆಂಬರಿನಲ್ಲೇ ಯಜಮಾನನಿಗೆ ಪತ್ರ ಬರೆದು, ತಪ್ಪಿಸಿಕೊಳ್ಳಬಹುದೆಂಬ ನಂಬಿಕೆ ಬಂದರೆ ಇಲ್ಲಿ ಉಳಿಯುವವರು ಯಾರೂ ಇಲ್ಲ ಎಂದು ಒಪ್ಪಿಕೊಂಡ.

1771ರಲ್ಲೇ ಒಮ್ಮೆ ಓಡಿಹೋಗಿ ಸಿಕ್ಕಿಬಿದ್ದಿದ್ದ ಹ್ಯಾರಿ ಈ ಸಲ ಸಿಗಲಿಲ್ಲ. 1781ರ ಏಪ್ರಿಲ್‌ನಲ್ಲಿ 'ಸ್ಯಾವೇಜ್' ಎಂಬ ಬ್ರಿಟಿಷ್ ಹಡಗು ಪೊಟೋಮ್ಯಾಕ್ ನದಿಯಲ್ಲಿ ಬಂದು ನಿಂತಾಗ ಮೌಂಟ್ ವರ್ನನ್‌ನ 17 ಮಂದಿ ಅದನ್ನು ಹತ್ತಿದರು. ಎಲ್ಲರ ಅದೃಷ್ಟವೂ ಒಂದೇ ಆಗಿರಲಿಲ್ಲ. ಡನ್‌ಮೋರ್‌ನನ್ನು ನಂಬಿ ಬಂದ ನೂರಾರು ಜನ ಸಿಡುಬಿಗೆ ಬಲಿಯಾದರು. ಯಾರ್ಕ್‌ಟೌನ್ ಮುತ್ತಿಗೆಯಲ್ಲಿ ಆಹಾರ ತೀರಿದಾಗ ಕಾರ್ನ್‌ವಾಲಿಸ್‌ನ ಸೈನ್ಯ ತನ್ನನ್ನು ನಂಬಿದ್ದ ಕರಿಯರನ್ನೇ ಹೊರದಬ್ಬಿತು. 'ಸ್ಯಾವೇಜ್' ಹತ್ತಿದವರಲ್ಲಿ ಏಳು ಮಂದಿ ಮತ್ತೆ ವಾಷಿಂಗ್ಟನ್‌ನ ಕೈಸೇರಿದರು.

1783ರ ಮೇ ತಿಂಗಳಲ್ಲಿ ಗೆದ್ದ ವಾಷಿಂಗ್ಟನ್, ಓಡಿಹೋದ ಗುಲಾಮರನ್ನು ಹಿಂದಿರುಗಿಸುವಂತೆ ಬ್ರಿಟಿಷ್ ದಂಡನಾಯಕ ಕಾರ್ಲ್‌ಟನ್‌ನ ಮುಂದೆ ಪಟ್ಟು ಹಿಡಿದ. ಕೊಟ್ಟ ಮಾತು ಮುರಿಯಲಾರೆ ಎಂದ ಕಾರ್ಲ್‌ಟನ್. ನ್ಯೂಯಾರ್ಕ್ ಬಿಟ್ಟ ಸುಮಾರು 3,000 ಕರಿಯರ ಹೆಸರುಗಳು ಒಂದು ದಫ್ತರಿನಲ್ಲಿ ದಾಖಲಾದವು. ಅದರಲ್ಲಿ 43ರ ಹ್ಯಾರಿ ವಾಷಿಂಗ್ಟನ್ ಇದ್ದಾನೆ. ಮೌಂಟ್ ವರ್ನನ್‌ನಿಂದ ತಪ್ಪಿಸಿಕೊಂಡು ಬಂದು ಮದುವೆಯಾಗಿದ್ದ 20ರ ಡೆಬೋರಾಳೂ ಇದ್ದಾಳೆ.

ಕೆನಡಾದ ನೋವಾಸ್ಕೋಶಿಯಾದಲ್ಲಿ ಅವರಿಗೆ ಸಿಕ್ಕಿದ್ದು ಚಳಿ ಮತ್ತು ಬಂಜರು ನೆಲ. 1792ರ ಜನವರಿಯಲ್ಲಿ ಹ್ಯಾರಿ ಸುಮಾರು 1,200 ಜನರೊಂದಿಗೆ ಆಫ್ರಿಕದ ಸಿಯೆರಾ ಲಿಯೋನ್‌ಗೆ ಹಡಗು ಹತ್ತಿದ. ಮರುತಿಂಗಳೇ, ಯಾರ್ಕ್‌ಟೌನ್‌ನಲ್ಲಿ ಸೋತಿದ್ದ ಅದೇ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ. ಹ್ಯಾರಿಗೆ ದಾರಿ ಬಿಟ್ಟ ಸಾಮ್ರಾಜ್ಯವೂ ಮೈಸೂರನ್ನು ಕತ್ತರಿಸಿದ ಸಾಮ್ರಾಜ್ಯವೂ ಒಂದೇ. ಬಿಡುಗಡೆ ಯಾರೋ ಕೊಟ್ಟ ಖೈರಾತಾಗಿರಲಿಲ್ಲ; ಇಬ್ಬರು ಒಡೆಯರ ಜಗಳದಲ್ಲಿ ಬಿಟ್ಟ ಬಿರುಕಿನಿಂದ ಇವರೇ ನುಸುಳಿ ಪಡೆದದ್ದು.

1799ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ತೀರಿಕೊಂಡ. ಮೌಂಟ್ ವರ್ನನ್‌ನಲ್ಲಿದ್ದ 317 ಗುಲಾಮರಲ್ಲಿ ತನಗೆ ಸೇರಿದ 123 ಮಂದಿಯ ಬಿಡುಗಡೆಯನ್ನು ಉಯಿಲಿನಲ್ಲಿ ಬರೆದಿಟ್ಟಿದ್ದ. ಮಾರ್ಥಾಳ ಮೊದಲ ಗಂಡನ ಆಸ್ತಿಗೆ ಸೇರಿದವರು ವಾರಸುದಾರರಿಗೆ ಹಂಚಿಹೋದರು. ಮರುವರ್ಷ ಸಿಯೆರಾ ಲಿಯೋನ್‌ನಲ್ಲಿ ಕಂಪನಿ ಹೇರಿದ ಭೂಕಂದಾಯದ ವಿರುದ್ಧ ದಂಗೆಯೆದ್ದವರಲ್ಲಿ ಹ್ಯಾರಿ ಒಬ್ಬ. ಅನ್ಯಾಯದ ತೆರಿಗೆಯನ್ನು ವಿರೋಧಿಸಿದ ಒಡೆಯ ರಾಷ್ಟ್ರಪಿತನಾದ. ಅದನ್ನೇ ಮಾಡಿದ ಗುಲಾಮನನ್ನು ಗಡಿಪಾರು ಮಾಡಿದರು.