ಹಗಲಿನಲ್ಲಿ ಹಚ್ಚಿದ ದೀಪ

ಸಾಲ ತೀರಿಸಲಾರದೆ ಕೈಯೆತ್ತಿದವನನ್ನು ಕುರಿತು ನಮ್ಮ ಕಡೆ ಎರಡು ಮಾತುಗಳುಂಟು. ಒಂದು ‘ದಿವಾಳಿ ಎದ್ದ’; ಇನ್ನೊಂದು ‘ಪಾಪರಾದ’. ಮೊದಲನೆಯದು ಉತ್ತರದ ವರ್ತಕರಿಂದ ಮರಾಠಿಯ ದಾರಿಯಲ್ಲಿ ನಮಗೆ ಬಂದದ್ದು. ವ್ಯಾಪಾರ ಮುರಿದುಬಿದ್ದ ಸಾಹುಕಾರ ಹಾಡೇ ಹಗಲಿನಲ್ಲಿ ಅಂಗಡಿಯ ಮುಂದೆ ದೀಪ ಹಚ್ಚಿಡುತ್ತಿದ್ದನಂತೆ. ಅದನ್ನು ಕಂಡವರು, ಇನ್ನು ಇವನಲ್ಲಿ ಕೇಳಿ ಫಲವಿಲ್ಲವೆಂದು ತಿಳಿದುಕೊಳ್ಳಬೇಕು. ಎರಡನೆಯದು ಇಂಗ್ಲಿಷರ ಕೋರ್ಟಿನ ಕೊಡುಗೆ. ಕೋರ್ಟು ಫೀಸು ಕಟ್ಟಲೂ ಗತಿಯಿಲ್ಲದವನು ಹೂಡುವ ದಾವೆಗೆ ಪಾಪರ್ ದಾವೆ ಎಂದು ಹೆಸರಿತ್ತು. ದಿವಾಳಿಗೂ ಅದಕ್ಕೂ ಕಾಯಿದೆಯಲ್ಲಿ ಸಂಬಂಧವೇ ಇಲ್ಲ. 1976ರ ತಿದ್ದುಪಡಿಯಲ್ಲಿ ಕಾಯಿದೆ ಆ ಪದವನ್ನು ಬಿಟ್ಟಿತು, ಜನ ಬಿಡಲಿಲ್ಲ. ಅದರಲ್ಲಿ ‘ಪಾಪ’ ಎಂಬ ಧ್ವನಿ ಕೇಳಿಸುವುದೂ ಇದಕ್ಕೆ ಕಾರಣವಿದ್ದೀತು ಎಂದು ನನ್ನ ಊಹೆ. ಪಾಠ ಹೇಳುವವನ ಊಹೆ, ಭಾಷಾಶಾಸ್ತ್ರಜ್ಞರು ಮನ್ನಿಸಬೇಕು.

ಈ ಪದಗಳ ಗೀಳು ನನಗೆ ಹತ್ತಿದ್ದು ಪುಸ್ತಕಗಳಿಂದಲ್ಲ, ಕತ್ತಲಗೆರೆಯ ನಮ್ಮ ಹಳೆಯ ಮನೆಯ ಅಟ್ಟದಿಂದ. ಅಲ್ಲಿನ ಮರದ ಪೆಟ್ಟಿಗೆಯೊಂದರಲ್ಲಿ ಅಜ್ಜನ ದಿವಾಳಿ ಅರ್ಜಿಯ ನಕಲು ಸಿಕ್ಕಿತು. ಐವತ್ತರ ದಶಕದ ಕಾಗದ. ಭದ್ರಾ ನಾಲೆಯ ನೀರು ನಮ್ಮ ಹೊಲಗಳಿಗೆ ಬರುವುದಕ್ಕೆ ಮುಂಚಿನ ಮಾತು. ಚನ್ನಗಿರಿ ಸೀಮೆಯೆಲ್ಲ ಆಗ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಎರಡು ವರ್ಷ ಮಳೆ ಕೈಕೊಟ್ಟಿತು. ಸಾಹುಕಾರನೊಬ್ಬ ಡಿಕ್ರಿ ಪಡೆದ. ಪರಿಚಯದ ವಕೀಲರು ಆಗಲೇ ಅಜ್ಜನಿಗೆ, “ಗೌಡ್ರೇ, ಈಗಲೇ ಅರ್ಜಿ ಕೊಡಿ” ಎಂದಿದ್ದರಂತೆ. ಅಜ್ಜ ಒಪ್ಪಲಿಲ್ಲ. ಮಗಳ ಮದುವೆ ಮುಂದಿತ್ತು. ಪಾಪರಾದವನ ಮನೆಯ ಹೆಣ್ಣನ್ನು ಯಾರು ತಂದಾರು?

ಅರ್ಜಿ ಕೊಡುವುದಕ್ಕೆ ಯಾರು ಅರ್ಹರೆಂಬುದನ್ನು 1920ರ ಪ್ರಾಂತೀಯ ದಿವಾಳಿ ಕಾಯಿದೆ ಸ್ಪಷ್ಟವಾಗಿಯೇ ಹೇಳುತ್ತದೆ. ಸಾಲ ತೀರಿಸುವ ಶಕ್ತಿ ಇರಬಾರದು. ಅದರ ಜೊತೆಗೆ ಸಾಲ 500 ರೂಪಾಯಿಯಾದರೂ ಇರಬೇಕು, ಇಲ್ಲವೆ ಡಿಕ್ರಿಯ ಮೇಲೆ ಅವನು ದಸ್ತಗಿರಿಯಾಗಿರಬೇಕು, ಇಲ್ಲವೆ ಅವನ ಆಸ್ತಿ ಜಪ್ತಿಯಲ್ಲಿರಬೇಕು. ಮೈಸೂರು ಸಂಸ್ಥಾನದಲ್ಲೂ ಇದೇ ಜಾಡಿನ ಕಾಯಿದೆಯಿತ್ತು. ಇಷ್ಟೇ ಆಗಿದ್ದರೆ ತೊಡಕಿರಲಿಲ್ಲ. ತೊಡಕಿರುವುದು ಕಾಲದ ಲೆಕ್ಕದಲ್ಲಿ. ಅರ್ಜಿಗೆ ಹಿಂದಿನ ಮೂರು ತಿಂಗಳೊಳಗೆ ಒಬ್ಬ ಸಾಲಗಾರನಿಗೆ ಪಕ್ಷಪಾತದಿಂದ ಕೊಟ್ಟ ಹಣ ಊರ್ಜಿತವಲ್ಲ. ಹಿಂದಿನ ಎರಡು ವರ್ಷದೊಳಗೆ ತಕ್ಕ ಬೆಲೆಯಿಲ್ಲದೆ ಕೈದಾಟಿಸಿದ ಆಸ್ತಿಯನ್ನೂ ರಿಸೀವರು ಹಿಂದಕ್ಕೆ ತರಿಸಬಹುದು. ಕೋರ್ಟು ತೀರ್ಪು ಕೊಡುವುದು ಎಂದೇ ಆಗಲಿ, ಅದರ ಬಲ ಅರ್ಜಿ ಸಲ್ಲಿಸಿದ ದಿನದಿಂದಲೇ ಹಿಡಿಯುತ್ತದೆ.

ಅಜ್ಜನಿಗೆ ಇದೊಂದೂ ತಿಳಿದಿರಲಿಲ್ಲ. ಅಜ್ಜಿಯ ತಮ್ಮ ತನ್ನ ಮಗಳ ಮದುವೆಗೆಂದು ಕೂಡಿಟ್ಟಿದ್ದ 400 ರೂಪಾಯಿಯನ್ನು ನಮಗೆ ಸಾಲ ಕೊಟ್ಟಿದ್ದ. ಸಾಹುಕಾರನ ಹಣ ಹೋದರೆ ಹೋಗಲಿ, ನೆಂಟನ ಹಣ ಉಳಿಯಬಾರದೆಂದು ಅಜ್ಜ ಮನೆಯಲ್ಲಿದ್ದ ಜೋಳವನ್ನೂ ಗಾಡಿಯನ್ನೂ ಮಾರಿ ಅದನ್ನು ತೀರಿಸಿದ. ಎರಡು ತಿಂಗಳಾಗುವಷ್ಟರಲ್ಲಿ ಅಮೀನ ಬಂದ. ಬೆಳಗಾದ ಮೇಲೆಯೇ ಬಂದ, ಏಕೆಂದರೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಸಾಲಗಾರನನ್ನು ಹಿಡಿಯಲು ವಾಸದ ಮನೆಯನ್ನು ಹೊಗಕೂಡದೆಂದು ಸಿವಿಲ್ ಸಂಹಿತೆಯ ನಿಯಮ. ಹಿಡಿದು ತಂದವನಿಗೆ, ‘ನೀನು ದಿವಾಳಿ ಅರ್ಜಿ ಕೊಡಬಹುದು’ ಎಂದು ಕೋರ್ಟೇ ತಿಳಿಸಬೇಕೆಂಬುದೂ ಅದೇ ಸಂಹಿತೆಯಲ್ಲಿದೆ. ಹಾಗೆ ತಿಳಿಸಿದಾಗ, ಜೈಲಿನ ಬಾಗಿಲಲ್ಲಿ ನಿಂತು ಅಜ್ಜ ಹೆಬ್ಬೆಟ್ಟು ಒತ್ತಿದ.

ಮುಂದಿನದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಥೆ. ರಿಸೀವರು ಅಜ್ಜಿಯ ತಮ್ಮನಿಂದ ಆ 400 ರೂಪಾಯಿಯನ್ನು ವಾಪಸು ಕಟ್ಟಿಸಿದರು. ಅವನು ಆ ಹಣವನ್ನು ಮದುವೆಗೆ ಖರ್ಚು ಮಾಡಿಯಾಗಿತ್ತು. ಎಮ್ಮೆಗಳನ್ನು ಮಾರಿ ಕಟ್ಟಿದನಂತೆ. ಅರ್ಜಿ ಐದಾರು ವಾರ ತಡವಾಗಿದ್ದರೆ ಆ ಹಣ ಅವನ ಬಳಿಯೇ ಉಳಿಯುತ್ತಿತ್ತು. ಮೊದಲೇ ವಕೀಲರ ಮಾತು ಕೇಳಿದ್ದರೆ ಅವನಿಗೂ ಸಾಹುಕಾರನಿಗೂ ರೂಪಾಯಿಗೆ ಇಷ್ಟೆಂದು ಪಾಲು ಬರುತ್ತಿತ್ತು, ವಂಚನೆಯ ಮಾತು ಹುಟ್ಟುತ್ತಿರಲಿಲ್ಲ. ಅಜ್ಜಿ ತವರಿಗೆ ಹೋಗುವುದು ಅಂದಿಗೆ ನಿಂತಿತು.

ಅಜ್ಜನದು ಪಕ್ಷಪಾತವೆ? ಕಾಯಿದೆಯ ಕಣ್ಣಿಗೆ ಹೌದು. ಆದರೆ ಯಾರಿಗೆ ಮೊದಲು ಕೊಡಬೇಕೆಂಬ ಪ್ರಶ್ನೆ ಈ ನೆಲದಲ್ಲಿ ಬಹಳ ಹಳೆಯದು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಆ ಸ್ಮೃತಿಯ ಪ್ರಕಾರ ಸಾಲಗಳನ್ನು ತೆಗೆದುಕೊಂಡ ಅನುಕ್ರಮದಲ್ಲಿಯೇ ತೀರಿಸಬೇಕು. ಆದರೆ ಬ್ರಾಹ್ಮಣನಿಗೆ ಮೊದಲು, ರಾಜನಿಗೆ ಆಮೇಲೆ. ಗತಿಗೆಟ್ಟ ಸಾಲಗಾರ ಕೆಳಜಾತಿಯವನಾದರೆ ಅವನಿಂದ ದುಡಿಸಿಕೊಳ್ಳಬಹುದು. ಬ್ರಾಹ್ಮಣನಾದರೆ ಕೈಗೆ ಬಂದಂತೆ ಮೆಲ್ಲಮೆಲ್ಲನೆ ತೀರಿಸಿದರೆ ಸಾಕು. ಅಲ್ಲಿಯೂ ರಿಯಾಯಿತಿಗೆ ಅರ್ಹತೆ ಬೇಕಿತ್ತು, ಆ ಅರ್ಹತೆ ಹುಟ್ಟಿನಿಂದ ಬರುತ್ತಿತ್ತು. 1920ರ ಕಾಯಿದೆ ಬ್ರಾಹ್ಮಣನನ್ನು ಪಟ್ಟಿಯಿಂದ ತೆಗೆಯಿತು. ರಾಜನನ್ನು ತೆಗೆಯಲಿಲ್ಲ, ಸರ್ಕಾರದ ಬಾಕಿಗೆ ಅದರಲ್ಲೂ ಅಗ್ರಪೂಜೆ!

ಇಂಗ್ಲೆಂಡಿನವರು ಮಾತ್ರ ಇದರಲ್ಲಿ ನಮಗಿಂತ ಉದಾರಿಗಳಾಗಿದ್ದರೆಂದು ತಿಳಿಯಬೇಕಾಗಿಲ್ಲ. ಅವರ 1542ರ ಮೊದಲ ಕಾಯಿದೆ ದಿವಾಳಿಯಾದವನನ್ನು ಅಪರಾಧಿಯೆಂದೇ ಬಗೆದಿತ್ತು. ಕಾದಂಬರಿಕಾರ ಡಿಕನ್ಸನ ತಂದೆ 1824ರಲ್ಲಿ ಸಾಲಕ್ಕಾಗಿ ಮಾರ್ಷಲ್‌ಸೀ ಸೆರೆಮನೆಯನ್ನು ಕಂಡವನು.

ಆದರೂ ಬ್ರಿಟಿಷರ ಕಾಲದ ಕಾಯಿದೆಯಲ್ಲಿ ಕರುಣೆ ಇಲ್ಲದಿಲ್ಲ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಬೇಸಾಯಗಾರನ ನೇಗಿಲು, ಬದುಕಿಗೆ ಬೇಕಾದ ದನ, ಬಿತ್ತನೆಯ ಕಾಳು, ಅವನು ವಾಸವಿರುವ ಮನೆ, ಇವು ಜಪ್ತಿಗೆ ಹೊರಗು. ಧರ್ಮಾಚಾರದಂತೆ ಹೆಂಗಸು ಮೈಯಿಂದ ತೆಗೆಯಬಾರದ ಒಡವೆಯೂ ಹೊರಗು. ಅಜ್ಜಿಯ ತಾಳಿ ಉಳಿದದ್ದು ಹೀಗೆ. ದಿವಾಳಿಯಿಂದ ಪೂರ್ತಿ ಬಿಡುಗಡೆ ಬೇಕಾದರೆ ಆಸ್ತಿ ರೂಪಾಯಿಗೆ ಎಂಟಾಣೆಯಷ್ಟಾದರೂ ಇರಬೇಕು. ಇಲ್ಲದಿದ್ದರೆ ಆ ಕೊರತೆ ತನ್ನ ತಪ್ಪಿನಿಂದಾದದ್ದಲ್ಲವೆಂದು ತೋರಿಸಬೇಕು. ಬಿಡುಗಡೆಗೂ ಗಡುವಿನೊಳಗೆ ಬೇರೆ ಅರ್ಜಿ ಕೊಡಬೇಕು, ಮರೆತರೆ ದಿವಾಳಿಯ ತೀರ್ಪೇ ರದ್ದು. ಈ ಸಲ ಅಜ್ಜ ತಡಮಾಡಲಿಲ್ಲ. ಎರಡು ವರ್ಷದ ಬರವನ್ನು ಕೋರ್ಟು ನಂಬಿತು.

ಋಣ ಹರಿಯಿತೆ? ತಂದೆಯ ಸಾಲವನ್ನು ಮಗ ತೀರಿಸಬೇಕು, ಕುಡಿತಕ್ಕೂ ಜೂಜಿಗೂ ಮಾಡಿದ್ದನ್ನು ಬಿಟ್ಟು ಎಂದು ಸ್ಮೃತಿ ಹೇಳುತ್ತದೆ. ನಮ್ಮ ತಂದೆ ಸ್ಮೃತಿಯನ್ನು ಓದಿದವರಲ್ಲ. ನಾಲೆಯ ನೀರಿನಲ್ಲಿ ಬತ್ತ ಬೆಳೆದು ಕೈ ತುಸು ಆಡತೊಡಗಿದಾಗ ಸೋದರಮಾವನ ಮನೆಗೆ ಹೋಗಿ 400 ರೂಪಾಯಿ ಇಟ್ಟು ಬಂದರು. ಅವರು ಹಣ ತೆಗೆದುಕೊಂಡರು. ಊಟಕ್ಕೆ ಏಳಿ ಎನ್ನಲಿಲ್ಲ.

ಆಮೇಲೆ ಸರ್ಕಾರಗಳು ಬೇರೆ ದಾರಿ ಹಿಡಿದವು. ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಕಾಯಿದೆ ಬಡವರನ್ನು ಕೋರ್ಟಿಗೆ ಅಲೆಸದೆ ಸಾಲವನ್ನೇ ಅಳಿಸಹೊರಟಿತು. 2016ರ ದಿವಾಳಿ ಸಂಹಿತೆಯಲ್ಲಿ ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರದ, ಸ್ವಂತ ಮನೆಯಿಲ್ಲದವನಿಗೆ ‘ಹೊಸ ಆರಂಭ’ದ ಅಧ್ಯಾಯವೊಂದಿದೆ. ಆದರೆ ವ್ಯಕ್ತಿಗಳ ದಿವಾಳಿಯ ಆ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ.

ಅದೇ ವರ್ಷದ ಜುಲೈ 23ರಂದು ಕರ್ನಾಟಕದ ಇನ್ನೊಂದು ಋಣ ಪರಿಹಾರ ಕಾಯಿದೆ ಜಾರಿಗೆ ಬಂದಿತ್ತು. ಭೂಮಿಯಿಲ್ಲದ ಕೃಷಿಕೂಲಿಗಳು, ಸಣ್ಣ ರೈತರು, ವರ್ಷದ ಆದಾಯ 1,20,000 ರೂಪಾಯಿ ಮೀರದ ದುರ್ಬಲ ವರ್ಗದವರು ಖಾಸಗಿ ಲೇವಾದೇವಿಯವರಲ್ಲಿ ಮಾಡಿದ ಸಾಲಕ್ಕೆ ಅದು ಅನ್ವಯವಾಗುತ್ತಿತ್ತು. ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕಾಗಿತ್ತು, 90 ದಿನಗಳ ಒಳಗೆ.

ನಮ್ಮೂರಿನಲ್ಲಿ, ನಾನು ದೊಡ್ಡಪ್ಪ ಎಂದು ಕರೆಯುವ ಹಿರಿಯರೊಬ್ಬರು ಹೆಂಡತಿಯ ಸರವನ್ನು ಒಬ್ಬ ಖಾಸಗಿಯವನಲ್ಲಿ ಅಡವಿಟ್ಟಿದ್ದರು. ಆಗಸ್ಟಿನಲ್ಲಿ ನಾನೇ ಹೋಗಿ ವಿಷಯ ತಿಳಿಸಿದೆ, ಅರ್ಜಿಯನ್ನೂ ಬರೆದುಕೊಡುತ್ತೇನೆಂದೆ. ಬದುವಿನ ಮೇಲೆ ಕುಳಿತು ಎಲ್ಲವನ್ನೂ ಕೇಳಿಕೊಂಡರು. ನಾಟಿಯಾದ ಗದ್ದೆ ಎದುರಿಗೇ ಹಸುರಾಗಿತ್ತು.

“ಬತ್ತ ಮನೀಗೆ ಬರ್ಲಿ ತಡಿಯಪ್ಪ,” ಎಂದರು. “ಈಗ್ಲೇ ಹೋಗಿ ಕೈಯೆತ್ತಿ ನಿಂತ್ರೆ ನಾಕು ಜನ ಏನಂತಾರೆ?”

ಬತ್ತ ಮನೆಗೆ ಬರುವುದು ನವೆಂಬರ್ ಕಳೆದ ಮೇಲೆ. ಜುಲೈ 23ರಿಂದ ಎಣಿಸಿದರೆ 90 ದಿನ ಅಕ್ಟೋಬರಿನಲ್ಲಿಯೇ ಮುಗಿಯುತ್ತದೆ. ನಾನು ಎರಡನೆಯ ಸಲ ಹೋಗಿ ಹೇಳಲಿಲ್ಲ.