ಅಭಿಷೇಕವೂ ಗಾನವೂ

ಘೋಣಸಗಿಯಂಥ ತಿಕೋಟಾ ಸೀಮೆಯ ಹಳ್ಳಿಗಳವರಿಗೆ ತೊರವಿ ದೂರದ ಊರಲ್ಲ. ಅಲ್ಲಿಯ ಪಾಳುಬಿದ್ದ ಸಂಗೀತ ಮಹಲು ಸಿಂಹಾಸನಕ್ಕೂ ಸಂಗೀತಕ್ಕೂ ಇರುವ ನಂಟನ್ನು ಇಂದಿಗೂ ನೆನಪಿಸುತ್ತದೆ. 1580ರಲ್ಲಿ ಬಾಲಕನಾಗಿಯೇ ಪಟ್ಟವೇರಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಅಲ್ಲಿ ನವರಸಪುರವನ್ನು ಕಟ್ಟತೊಡಗಿದನು. ಅವನು ರಚಿಸಿದ 'ಕಿತಾಬ್-ಎ-ನವರಸ್'ನಲ್ಲಿ ಸರಸ್ವತಿಯ ಸ್ತುತಿಯುಂಟು, ಕಲಬುರಗಿಯ ಗೇಸುದರಾಜರ ಸ್ತುತಿಯೂ ಉಂಟು. ಹಾಡುವಾಗ ದೊರೆಯೂ ತನಗಿಂತ ಮೇಲಿನವರತ್ತ ಮುಖ ಮಾಡುತ್ತಾನೆ. ಪಟ್ಟಾಭಿಷೇಕದ ಸಂಗೀತವನ್ನು ಪರಿಶೀಲಿಸುವಾಗಲೂ ನಾವು ಕೇಳಬೇಕಾದದ್ದು ಇದನ್ನೇ: ಅದು ಯಾರತ್ತ ಮುಖ ಮಾಡಿದೆ?

ಅರಸರ ಮೊದಲನೆಯ ಗ್ರಂಥದ ಮೊದಲ ಅಧ್ಯಾಯದಲ್ಲಿ ಇಬ್ಬರು ರಾಜಕುಮಾರರಿದ್ದಾರೆ. ಅದೋನೀಯನ ಔತಣದಲ್ಲಿಯೂ ಅರಸನು ಬಾಳಲೆಂಬ ಘೋಷ ಮೊಳಗಿತ್ತು. ಆದರೆ ದೇವರ ಗುಡಾರದಿಂದ ತಂದ ಎಣ್ಣೆಯ ಕೊಂಬು ಗೀಹೋನಿನಲ್ಲಿದ್ದ ಸೊಲೊಮೋನನ ತಲೆಯ ಮೇಲೆ ಬಗ್ಗಿತು. ಬಳಿಕ ತುತೂರಿ ಊದಲಾಯಿತು, ಜನರು ಕೊಳಲೂದುತ್ತಾ ನಡೆದರು. ಯೋವಾಬನ ಕಿವಿಗೆ ಬಿದ್ದುದು ಆ ತುತೂರಿ. ಘೋಷ ಇಬ್ಬರಿಗೂ ಇತ್ತು, ಅಭಿಷೇಕ ಒಬ್ಬನಿಗೇ.

ಈ ವಾಕ್ಯಭಾಗವು 973ರಲ್ಲಿ ಬಾತ್ ನಗರದಲ್ಲಿ ನಡೆದ ಎಡ್ಗರ್ ದೊರೆಯ ಪಟ್ಟಾಭಿಷೇಕದಿಂದಲೂ ಇಂಗ್ಲೆಂಡಿನ ವಿಧಿಯಲ್ಲಿ ಉಳಿದುಬಂದಿದೆ. 1727ರಲ್ಲಿ ಹ್ಯಾಂಡೆಲ್ ಎರಡನೆಯ ಜಾರ್ಜ್ ದೊರೆಗಾಗಿ ಅದಕ್ಕೆ ಹೊಸ ರಾಗಸಂಯೋಜನೆ ಮಾಡಿದನು. ತಂತಿವಾದ್ಯಗಳು ಬಹು ಹೊತ್ತು ಮೆಲ್ಲನೆ ಏರುತ್ತಾ ಹೋಗುತ್ತವೆ. ಗಾಯಕವೃಂದ ಒಮ್ಮೆಲೇ ಎದ್ದು ಮೊದಲು ಉಚ್ಚರಿಸುವುದು ಯಾಜಕ ಚಾದೋಕನ ಹೆಸರನ್ನು, ಅರಸನ ಹೆಸರನ್ನಲ್ಲ. 2023ರಲ್ಲಿ ಮೂರನೆಯ ಚಾರ್ಲ್ಸ್ ರಾಜವಸ್ತ್ರ ಕಳಚಿ, ಬಿಳಿಯಂಗಿಯಲ್ಲಿ, ಪರದೆಯ ಮರೆಯಲ್ಲಿ ಅಭಿಷೇಕ ಪಡೆದನು. ಕಣ್ಣಿಗೆ ನಿಷಿದ್ಧವಾದದ್ದನ್ನು ಕಿವಿಗೆ ತಲುಪಿಸುವ ಹೊಣೆ ಸಂಗೀತದ್ದಾಯಿತು.

ಮೈಸೂರಿನ ಸಂಪ್ರದಾಯ ಬೇರೆ. ಅದರ ಒಳದನಿ ಅಷ್ಟು ಬೇರೆಯಲ್ಲ. ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ಬಳಿಕ 1881ರಲ್ಲಿ ರಾಜ್ಯ ಮರಳಿ ಪಡೆದ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಆಸ್ಥಾನಕವಿ ಬಸವಪ್ಪ ಶಾಸ್ತ್ರಿಗಳು 'ಕಾಯೌ ಶ್ರೀ ಗೌರಿ'ಯನ್ನು ರಚಿಸಿದರು. ಅದರ ಮೊದಲ ಪದವೇ ಕಾಪಾಡೆಂಬ ಮೊರೆ. ಕಾಯಬೇಕಾದ ಅರಸನೇ ಕಾಯಲ್ಪಡಬೇಕಾದವನು ಎಂದು ಆಸ್ಥಾನವೇ ಹಾಡಿಕೊಂಡಿತು! ಅರಮನೆಯಲ್ಲಿ ಕರ್ನಾಟಕ ವಾದ್ಯಗಳ ಮೇಳವೂ ಪಾಶ್ಚಾತ್ಯ ಬ್ಯಾಂಡೂ ಜೊತೆಯಾಗಿ ಬೆಳೆದವು. 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜೇಂದ್ರರು ಪಿಯಾನೋ ಬಲ್ಲವರು, ದೇವಿಯ ಕುರಿತು ಕೃತಿಗಳನ್ನು ರಚಿಸಿದವರು. ರಾಜ್ಯವೇ ಇಲ್ಲದ 2015ರ ಮೇ 28ರಂದು ಯದುವೀರ ಒಡೆಯರ ಪಟ್ಟಾಭಿಷೇಕದಲ್ಲಿಯೂ ಅದೇ ಗೀತೆ ನುಡಿಯಿತು. ಅಧಿಕಾರ ಹೋದಮೇಲೂ ಪ್ರಾರ್ಥನೆ ಉಳಿದಿತ್ತು.

ನಮ್ಮ ಗುರುದೀಕ್ಷೆಯಲ್ಲಿ ಸಕಲ ಸಂತರ ಪ್ರಾರ್ಥನಾಮಾಲೆ ಹಾಡುವಾಗ ಅಭ್ಯರ್ಥಿ ನೆಲಕ್ಕೆ ಬೋರಲಾಗಿರುತ್ತಾನೆ. ತಲೆಯ ಮೇಲೆ ಕೈಗಳನ್ನಿರಿಸುವ ಗಳಿಗೆಯಲ್ಲಂತೂ ಗಾನವೇ ಇಲ್ಲ; ವಿಧಿ ಅಲ್ಲಿ ಮೌನವನ್ನು ಬಯಸುತ್ತದೆ. ವೆಸ್ಟ್‌ಮಿನ್‌ಸ್ಟರ್ ಸಂಗೀತದಿಂದ ಮರೆಮಾಡಿದ್ದನ್ನು ಧರ್ಮಸಭೆ ಮೌನದಿಂದ ಕಾಯುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ದೀಕ್ಷೆಯಲ್ಲಿ ಧರ್ಮಾಧ್ಯಕ್ಷರು ಕೈಯೆತ್ತಿದೊಡನೆ ಕೀಬೋರ್ಡ್ ಮೊಳಗಿತು; ಹಿಂದೆಯೇ ಹೊಸ ಗುರುವಿನ ಹೆಸರು ಸೇರಿಸಿದ ಹೊಗಳಿಕೆಯ ಹಾಡು. ಸಾಲಿನಲ್ಲಿ ಬಂದು ಕೈಯಿರಿಸಿದವರಲ್ಲಿ ನಾನೂ ಒಬ್ಬ. ಗಾಯಕರಿಗೆ ಮೊದಲೇ ತಿಳಿಹೇಳಬೇಕಾಗಿದ್ದು, ಹೇಳದೆ ಉಳಿದವನೂ ನಾನೇ.